ಸೈಕಲ್ ಸವಾರಿಯಲ್ಲಿ ಕಿವಿಗೆ ಬಡಿಯುವ ಗಾಳಿ: ಪಟ್ಟಿ, ತುಪ್ಪಳ, ಮಫ್ಲರ್, ಇಯರ್‌ಪ್ಲಗ್ – ಯಾವುದು ಯಾರಿಗೆ?

ಗದಗದಿಂದ ಲಕ್ಕುಂಡಿಗೆ ಸುಮಾರು 12 ಕಿ.ಮೀ. ಆಷಾಢದ ಬೆಳಗ್ಗೆ ಸೈಕಲ್ ಹತ್ತಿ ಹೊರಟರೆ ಹೋಗುವಾಗ ಗಾಳಿ ಬೆನ್ನಿಗಿರುತ್ತದೆ. ತುಳಿದದ್ದೇ ಗೊತ್ತಾಗುವುದಿಲ್ಲ. ಹೊಲದಲ್ಲಿ ಯಾರೋ ಎತ್ತಿಗೆ ಗದರುವುದು ಕೇಳುತ್ತದೆ, ಚೈನಿಗೆ ಎಣ್ಣೆ ಬೇಕಾಗಿದೆ ಎಂಬುದೂ ಕೇಳುತ್ತದೆ. ಊರೊಳಗೆ ಚಹಾ ಕುಡಿದು, ಕಾಶಿ ವಿಶ್ವೇಶ್ವರ ಗುಡಿಗೆ ಒಂದು ಸುತ್ತು ಹಾಕಿ, ಸೈಕಲ್ ಪಡುವಣಕ್ಕೆ ತಿರುಗಿಸಿದೆವೋ, ಮುಗಿಯಿತು. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ತಿರುಗಿಸುವ ಗಾಳಿಯೇ ಬಂದು ಎರಡೂ ಕಿವಿಯಲ್ಲಿ ಕೂತುಬಿಡುತ್ತದೆ. ಮನೆ ಮುಟ್ಟುವ ತನಕ ಪಕ್ಕದಲ್ಲೇ ಜೋಗ ಬಿದ್ದ ಹಾಗೆ.

ಹಾಗೆ ಮರಳುವಾಗಲೇ ಒಮ್ಮೆ ಒಂದು ಟಿಪ್ಪರ್ ನನ್ನ ಮೊಣಕೈಯಿಂದ ಒಂದು ಮೊಳ ದೂರದಲ್ಲಿ ಹಾದುಹೋಯಿತು. ಅದು ಬಂದದ್ದು ನನಗೆ ತಿಳಿದದ್ದು ಅದರ ಮುಂದಿನ ಚಕ್ರ ಕಣ್ಣಿಗೆ ಬಿದ್ದಾಗ. ಡ್ರೈವರ್ ಹಾರ್ನ್ ಹೊಡೆದಿದ್ದನೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ರಸ್ತೆ ಬದಿಗೆ ಇಳಿದು, ಸೈಕಲ್ ಮಲಗಿಸಿ, ಹತ್ತು ನಿಮಿಷ ಸುಮ್ಮನೆ ಕೂತೆ. ಆಮೇಲಿನ ಎರಡು ಮಳೆಗಾಲ ನಾನು ಕಿವಿಗೆ ಕಟ್ಟಿದ್ದು, ತುರುಕಿದ್ದು, ಅಂಟಿಸಿದ್ದು ಎಲ್ಲದರ ಲೆಕ್ಕ ಇಲ್ಲಿದೆ.

ಅಂಗಡಿಯಲ್ಲಿ ಇವೆಲ್ಲ ಒಂದೇ ಮಾತಿನಲ್ಲಿ ಮಾರಾಟವಾಗುತ್ತವೆ: ಗಾಳಿ ಸದ್ದು ಕಡಿಮೆಯಾಗುತ್ತದೆ. ನಿಜ, ಕಡಿಮೆಯಾಗುತ್ತದೆ. ಅದರ ಜೊತೆಗೆ ಇನ್ನೇನು ಕಡಿಮೆಯಾಗುತ್ತದೆ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಟಿಪ್ಪರಿನ ಸದ್ದೂ ಕಡಿಮೆಯಾದರೆ ನನಗೆ ಆ ಸಾಮಾನು ಬೇಡ. ಹಾಗಾಗಿ ಮುಂದೆ ಪ್ರತಿಯೊಂದಕ್ಕೂ ಎರಡು ಪ್ರಶ್ನೆ ಕೇಳುತ್ತೇನೆ. ಗಾಳಿಯನ್ನು ಎಷ್ಟು ತಡೆಯಿತು? ಲಾರಿಯನ್ನು ಎಷ್ಟು ಉಳಿಸಿತು?

ಸದ್ದು ತಯಾರಾಗುವ ಜಾಗ

ಕಿವಿಯಲ್ಲಿ ಭೋರ್ಗರೆಯುವ ಈ ಸದ್ದು ದೂರದಿಂದ ತೇಲಿಬಂದದ್ದೆಂದು ಬಹಳ ಜನ ಅಂದುಕೊಂಡಿದ್ದಾರೆ. ನಾನೂ ಅಂದುಕೊಂಡಿದ್ದೆ. ಆದರೆ ಪಕ್ಕದಲ್ಲೇ ಸೈಕಲ್ ತುಳಿಯುವ ಗೆಳೆಯನಿಗೆ ನನ್ನ ಕಿವಿಯ ಭೋರ್ಗರೆತ ಕೇಳುವುದಿಲ್ಲ, ಅವನದು ಅವನಿಗೆ, ನನ್ನದು ನನಗೆ. ಹಳ್ಳದಲ್ಲಿ ನೀರು ಹರಿಯುವಾಗ ನಡುವೆ ಒಂದು ಕಲ್ಲಿದ್ದರೆ ಅದರ ಹಿಂದೆ ಸುಳಿಗಳು ಏಳುತ್ತವಲ್ಲ, ಹಾಗೆ ನಮ್ಮ ಕೆನ್ನೆಮೂಳೆ, ಹೆಲ್ಮೆಟ್ಟಿನ ಪಟ್ಟಿ, ಕನ್ನಡಕದ ಕಡ್ಡಿ, ಕೊನೆಗೆ ಕಿವಿಯ ಹಾಲೆ, ಇವಕ್ಕೆ ಬಡಿದ ಗಾಳಿ ಸುಳಿಸುಳಿಯಾಗಿ ಒಡೆಯುತ್ತದೆ. ಆ ಸುಳಿಗಳು ಕಿವಿಯ ಬಾಯಿಯನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡುತ್ತವೆ. ತಮಟೆಗೆ ಕೈಯಿಂದ ಬಡಿದ ಹಾಗೆ ತಮಟೆಯಂಥ ಪೊರೆಗೆ ಗಾಳಿ ಬಡಿಯುತ್ತದೆ. ಅಂದರೆ ಈ ಸದ್ದಿನ ಕಾರ್ಖಾನೆ ನಮ್ಮ ಕಿವಿಯ ಹೊಸ್ತಿಲಲ್ಲೇ ಇದೆ.

ಇನ್ನು ವೇಗದ ಲೆಕ್ಕ. ಕಿವಿಗೆ ಬೇಕಾದದ್ದು ಸೈಕಲ್ಲಿನ ವೇಗವಲ್ಲ, ಗಾಳಿಗೂ ನಮಗೂ ನಡುವಿನ ವೇಗ. ಗಂಟೆಗೆ 20 ಕಿ.ಮೀ. ತುಳಿಯುತ್ತಿದ್ದೇನೆ, ಎದುರಿನಿಂದ 20 ಕಿ.ಮೀ. ಗಾಳಿ ಎಂದರೆ ಕಿವಿಗೆ ಅದು 40. ಅದೇ ಗಾಳಿ ಬೆನ್ನಿಗಿದ್ದರೆ ಸೊನ್ನೆ. ಲಕ್ಕುಂಡಿಗೆ ಹೋಗುವಾಗ ಮೌನ, ಬರುವಾಗ ಜೋಗ, ಇದೇ ಕಾರಣಕ್ಕೆ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ವೇಗ ಎರಡು ಪಟ್ಟಾದರೆ ಸದ್ದು ಸುಮಾರು 12 ಡೆಸಿಬೆಲ್ ಜಾಸ್ತಿಯಾಗುತ್ತದೆ, ಕೆಲವೊಮ್ಮೆ ಇನ್ನೂ ಹೆಚ್ಚು.

ಅಮೆರಿಕದ ಡೆಟ್ರಾಯಿಟ್‌ನಲ್ಲಿರುವ ಹೆನ್ರಿ ಫೋರ್ಡ್ ಆಸ್ಪತ್ರೆಯವರು ಇದನ್ನು ಗಾಳಿಸುರಂಗದಲ್ಲಿ ಅಳೆದು 2016ರಲ್ಲಿ ತಿಳಿಸಿದ್ದರು. ಕಿವಿಯಲ್ಲಿ ಮೈಕ್ ಇಟ್ಟು ನೋಡಿದಾಗ ಗಂಟೆಗೆ 10 ಮೈಲಿಯಲ್ಲಿ, ಅಂದರೆ ಸುಮಾರು 16 ಕಿ.ಮೀ. ವೇಗದಲ್ಲಿ, 84.9 ಡೆಸಿಬೆಲ್ ಸಿಕ್ಕಿತು. 60 ಮೈಲಿಯಲ್ಲಿ 120.3. ಕೆಲಸದ ಜಾಗದ ಸದ್ದಿಗೆ ಅಮೆರಿಕದ ನಿಯೋಶ್ ಸಂಸ್ಥೆ ಹೇಳುವ ಮಿತಿ 8 ಗಂಟೆಗೆ 85 ಡೆಸಿಬೆಲ್, 3 ಏರಿದಂತೆಲ್ಲ ಅವಧಿ ಅರ್ಧ: 88ಕ್ಕೆ 4 ಗಂಟೆ, 94ಕ್ಕೆ ಒಂದೇ ಗಂಟೆ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ಯಾರೂ ಹೌಹಾರಬೇಡಿ. ಗಾಳಿ ಸದ್ದಿನಲ್ಲಿ ಬಹುಪಾಲು ಗುಡುಗಿನಂಥ ಕೆಳದನಿ. ಆ ಮಿತಿಯ ಲೆಕ್ಕದಲ್ಲಿ ಕೆಳದನಿಗೆ ತೂಕ ಕಡಿಮೆ. ದಿನಕ್ಕೆ ಅರ್ಧ ಗಂಟೆ ಆಫೀಸಿಗೆ ಸೈಕಲ್ಲಿನಲ್ಲಿ ಹೋಗಿಬರುವವರು ಕಿವಿ ಕೆಟ್ಟುಹೋದೀತೆಂದು ಕಂಗಾಲಾಗಬೇಕಿಲ್ಲ. ವಾರಕ್ಕೆ 300 ಕಿ.ಮೀ. ತುಳಿಯುವವರು, ಘಾಟಿ ಇಳಿಯುವವರು, ಸವಾರಿ ಮುಗಿದ ಮೇಲೂ ಕಿವಿ ಗುಂಯ್‌ಗುಡುವವರು ಮಾತ್ರ ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ನನ್ನ ತಕರಾರು ಕಿವಿ ಕೆಡುವುದಕ್ಕಿಂತ ಮೊದಲಿನದು. ಜೋರಾದ ಕೆಳದನಿ ತನಗಿಂತ ಮೇಲಿನ ದನಿಗಳನ್ನು ನುಂಗುತ್ತದೆ. ಟೈರು ಡಾಂಬರಿಗೆ ಉಜ್ಜುವ ಸದ್ದು, ಹಿಂದಿನ ಗೆಳೆಯ ಕೂಗಿದ್ದು, ದೂರದ ಹಾರ್ನ್, ಎಲ್ಲ ಅದರ ಹೊಟ್ಟೆಗೆ. ಈಗಂತೂ ಎಲೆಕ್ಟ್ರಿಕ್ ಸ್ಕೂಟರು, ಎಲೆಕ್ಟ್ರಿಕ್ ಆಟೋ ಬಂದಿವೆ, ಅವು ಗಾಳಿಯಿಲ್ಲದಾಗಲೇ ಕೇಳುವುದಿಲ್ಲ.

ಕಾಸಿಲ್ಲದ ಪರೀಕ್ಷೆ

ಏನನ್ನಾದರೂ ಕೊಳ್ಳುವ ಮೊದಲು ವಾಹನವಿಲ್ಲದ ರಸ್ತೆಯಲ್ಲಿ ಎದುರುಗಾಳಿಗೆ ನಿಧಾನವಾಗಿ ತುಳಿಯುತ್ತ ಒಂದು ಅಂಗೈಯನ್ನು ಕಿವಿಯ ಮುಂದೆ, ಕೆನ್ನೆಗೆ ತಾಗಿಸಿ, ಗೋಡೆಯ ಹಾಗೆ ಹಿಡಿಯಿರಿ. ಕಿವಿ ಮುಚ್ಚಬೇಡಿ. ಆ ಬದಿಯ ಭೋರ್ಗರೆತ ಸ್ವಿಚ್ ಆರಿಸಿದಂತೆ ನಿಲ್ಲುತ್ತದೆ, ಹಕ್ಕಿಯ ದನಿ ಒಳಗೆ ಬರುತ್ತದೆ. ಈಗ ಅದೇ ಕೈಯನ್ನು ಕಿವಿಯ ಹಿಂದೆ, ದೂರದ ಮಾತು ಕೇಳಲು ಅಜ್ಜಂದಿರು ಹಿಡಿಯುವಂತೆ, ಹಿಡಿದು ನೋಡಿ. ಸದ್ದು ಕಡಿಮೆಯಾಗುವುದಿಲ್ಲ, ಹೆಚ್ಚಾದರೂ ಆದೀತು. ಮುಂದೆ ನಾವು ನೋಡುವ ಒಳ್ಳೆಯ ಸಾಮಾನೆಲ್ಲ ಆ ಮೊದಲ ಅಂಗೈಯ ನಕಲು.

ಮೊಬೈಲಿನ ಡೆಸಿಬೆಲ್ ಆ್ಯಪ್ ತೆರೆದು ಅಳೆಯಲು ಹೋಗಬೇಡಿ. ಗಾಳಿ ಮೊಬೈಲಿನ ಮೈಕಿಗೂ ಬಡಿಯುತ್ತದೆ. ನಿಮಗೆ ಕಾಣುವ ಅಂಕಿ ಮೊಬೈಲಿನ ಕಿವಿಯದು.

ಮೊದಲು ಪಟ್ಟಿ

ಹೆಲ್ಮೆಟ್ ಕೊಂಡ ಅಂಗಡಿಯವನಿಗೇ ನಾನು ಈ ದೂರು ಹೇಳಿದೆ. ಆತ ನನ್ನ ಗದ್ದದ ಕೆಳಗೆ ಕೈಹಾಕಿ ಎಳೆದು ನೋಡಿ, "ಸರ್ರ, ಗಾಳಿ ಅಷ್ಟ ಅಲ್ರಿ ಇದು, ನಿಮ್ಮ ಪಟ್ಟಿ ಬಡಕೊಳ್ಳಾಕತ್ತೈತಿ" ಎಂದ. ಬಕಲ್ಲಿನಿಂದ ನಾಲ್ಕು ಬೆರಳು ಉದ್ದದ ತುದಿ ನೇತಾಡುತ್ತಿತ್ತು. ಅದಕ್ಕೊಂದು ರಬ್ಬರ್ ಬ್ಯಾಂಡ್ ಹಾಕಿದ ಮೇಲೆ ಒಂದು ಬಗೆಯ ಪಟಪಟ ಪೂರ್ತಿ ನಿಂತಿತು.

ಕಿವಿಯ ಮುಂದೆ ಬರುವ ಪಟ್ಟಿ, ಹಿಂದೆ ಬರುವ ಪಟ್ಟಿ, ಎರಡೂ ಕೂಡುವ ಜಾಗ ಕಿವಿಯ ಕೆಳತುದಿಗೆ ಸ್ವಲ್ಪ ಕೆಳಗಿರಬೇಕು. ಹೆಚ್ಚಿನವರಿಗೆ ಅದು ಗದ್ದದ ಹತ್ತಿರ ಇಳಿದಿರುತ್ತದೆ. ಆಗ ಮುಂದಿನ ಪಟ್ಟಿ ಕೆನ್ನೆಯಿಂದ ದೂರ ನಿಂತು ವೀಣೆಯ ತಂತಿಯಂತೆ ಮಿಡಿಯುತ್ತದೆ. ಪಟ್ಟಿ ಕೆನ್ನೆಗೆ ಅಂಟಿಕೊಂಡಷ್ಟೂ ಒಳ್ಳೆಯದು. ಕನ್ನಡಕದ ಕಡ್ಡಿ ದಪ್ಪಗಿದ್ದರೆ ಅದೂ ಒಂದು ಕಲ್ಲೇ. ಪಟ್ಟಿಯ ಮೇಲೆ ಹಾಕಿ ನೋಡಿ, ಕೆಳಗೆ ಹಾಕಿ ನೋಡಿ, ಯಾವುದು ಮೌನವೋ ಅದನ್ನೇ ಇಟ್ಟುಕೊಳ್ಳಿ. ಸೈಕಲ್ ನಿಲ್ಲಿಸಿ ಹತ್ತು ನಿಮಿಷ ಇಷ್ಟು ಮಾಡಿಕೊಂಡರೆ ಸಿಳ್ಳೆ, ಪಟಪಟ ಇವೆಲ್ಲ ಹೋಗಿ ಶುದ್ಧ ಭೋರ್ಗರೆತ ಮಾತ್ರ ಉಳಿಯುತ್ತದೆ. ಹೆಚ್ಚು ಗಾಳಿಯಿಲ್ಲದ ಊರಿನವರಿಗೆ ಇಷ್ಟೇ ಸಾಕಾದೀತು. ಹಾಗಿದ್ದರೆ ಮುಂದಿನದನ್ನು ಓದುವ ಬದಲು ಸೈಕಲ್ ತುಳಿಯಲು ಹೋಗಬಹುದು.

ತುಪ್ಪಳದ ತುಂಡು

ಹೊರಗೆ ನಿಂತು ವರದಿ ಮಾಡುವ ಟೀವಿಯವರ ಮೈಕಿನ ಮೇಲೆ ಬೂದು ಬಣ್ಣದ ಕೂದಲ ಚೀಲ ನೋಡಿರುತ್ತೀರಿ. ಸೌಂಡ್ ರೆಕಾರ್ಡಿಂಗಿನವರು ಅದನ್ನು ಡೆಡ್ ಕ್ಯಾಟ್, ಸತ್ತ ಬೆಕ್ಕು, ಎನ್ನುತ್ತಾರೆ. ಅದು ಕೆಲಸ ಮಾಡುವ ರೀತಿಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ಗಾಳಿ ಎಂದರೆ ಊರಿಂದೂರಿಗೆ ಸಾಗುವ ಗಾಳಿ, ಸದ್ದು ಎಂದರೆ ನಿಂತಲ್ಲೇ ನಡುಗುವ ಗಾಳಿ. ಸಾವಿರಾರು ಎಳೆಗಳ ನಡುವೆ ಸಾಗುವ ಗಾಳಿ ಸೋತು ನಿಲ್ಲುತ್ತದೆ, ನಡುಗುವ ಗಾಳಿ ದಾಟಿಕೊಂಡು ಹೋಗುತ್ತದೆ. ಹಾಗಾಗಿ ವರದಿಗಾರರ ಮಾತು ಕೇಳುತ್ತದೆ, ಬಿರುಗಾಳಿ ಕೇಳುವುದಿಲ್ಲ.

ಇದನ್ನೇ ಹೆಲ್ಮೆಟ್ ಪಟ್ಟಿಗೆ ಸುತ್ತಿದರೆ ಸೈಕಲ್ಲಿನವರ ಸಾಮಾನು ತಯಾರು. ಅಮೆರಿಕದ ಕ್ಯಾಟ್-ಇಯರ್ಸ್ ಕಂಪನಿಯದು ಇಂಥ ತುಪ್ಪಳದ ಪಟ್ಟಿ, ಕಿವಿಯ ಮುಂದಿನ ಪಟ್ಟಿಗೆ ಅಂಟಿಸಿಕೊಳ್ಳುವಂಥದ್ದು. ವಿಂಡ್-ಬ್ಲಾಕ್ಸ್ ಎಂಬುದು ಅದೇ ಜಾಗದಲ್ಲಿ ಕೂರುವ ಇನ್ನೊಂದು ಬಗೆ, ಅದರಲ್ಲಿ ಕೂದಲಿನ ಬದಲು ಮೆತ್ತನೆಯ ಉಬ್ಬು ಗಾಳಿಯನ್ನು ಕಿವಿಯ ಬಾಯಿಂದ ಹೊರಕ್ಕೆ ಹಾಯಿಸುತ್ತದೆ. ಇವನ್ನು ಹೊರದೇಶದಿಂದ ತರಿಸುವ ಖರ್ಚು ಸಾಮಾನಿನ ಬೆಲೆಯನ್ನೇ ಮೀರುವುದುಂಟು. ನಾನು ತರಿಸಲಿಲ್ಲ.

ಮನೆಯಲ್ಲಿ ಮಗಳ ಹಳೆಯ ಟೆಡ್ಡಿ ಒಂದಿತ್ತು, ಕಣ್ಣು ಕಿತ್ತು ಹೋಗಿ ಮೂಲೆ ಸೇರಿದ್ದು. ಅದರ ಬೆನ್ನಿನಿಂದ ಹತ್ತು ಸೆಂಟಿಮೀಟರ್ ಉದ್ದ, ಐದು ಸೆಂಟಿಮೀಟರ್ ಅಗಲದ ಎರಡು ತುಂಡು ಕತ್ತರಿಸಿ, ಪಕ್ಕದ ಓಣಿಯ ಟೇಲರ್ ಹತ್ತಿರ ಅಂಚಿಗೆ ವೆಲ್ಕ್ರೋ ಹೊಲಿಸಿದೆ. ಐವತ್ತು ರೂಪಾಯಿ. ಪಟ್ಟಿಗೆ ಸುತ್ತಿ ತುಪ್ಪಳ ಹೊರಮುಖ ಮಾಡಿ ಒತ್ತಿದರೆ ಆಯಿತು. ಕನ್ನಡಿಯಲ್ಲಿ ನೋಡಿಕೊಳ್ಳುವ ಮೊದಲೇ ಮಗಳು, "ಅಪ್ಪಾ, ನೀ ಈಗ ಖರೇನ ಕರಡಿಗತೆ ಕಾಣಸ್ತಿ" ಎಂದಳು. ಟೆಡ್ಡಿಯ ಸೇಡು ಎಂದುಕೊಂಡೆ.

ಆದರೆ ಮರುದಿನ ಲಕ್ಕುಂಡಿಯಿಂದ ಮರಳುವಾಗ ನಾನು ಎರಡು ಸಲ ಸೈಕಲ್ ನಿಲ್ಲಿಸಿ ಪಟ್ಟಿ ಮುಟ್ಟಿ ನೋಡಿಕೊಂಡೆ. ಜೋಗ ಹೋಗಿ ನಲ್ಲಿಯಷ್ಟಾಗಿತ್ತು. ಹಿಂದಿನಿಂದ ಬರುವ ಬಸ್ಸು ಬಹಳ ಮೊದಲೇ ಕೇಳಿತು, ಅದು ಬಸ್ಸೋ ಲಾರಿಯೋ ಎಂಬುದೂ ತಿಳಿಯಿತು. ಕಿವಿ ಎಲ್ಲಿಯೂ ಮುಚ್ಚಿಲ್ಲವಲ್ಲ. ಎರಡೂ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಟ್ಟದ್ದು ನನ್ನ ಮಟ್ಟಿಗೆ ಇದೊಂದೇ.

ತಪ್ಪು ಮಾಡಿಯೇ ಕಲಿತ ಕೆಲವು ಸಂಗತಿಗಳಿವೆ. ತುಂಡಿಗೂ ಕೆನ್ನೆಗೂ ನಡುವೆ ಸಂದಿ ಬಿಟ್ಟರೆ ಗಾಳಿ ಅಲ್ಲಿಂದಲೇ ನುಗ್ಗಿ ಮೊದಲಿಗಿಂತ ಜೋರಾಗಿ ಸುಯ್‌ಗುಡುತ್ತದೆ. ತುಪ್ಪಳ ಒಂದು ಸೆಂಟಿಮೀಟರಿಗಿಂತ ಗಿಡ್ಡವಿದ್ದರೆ ಲಾಭ ಕಡಿಮೆ, ಟವೆಲ್ ಬಟ್ಟೆ ಸುತ್ತಿ ನೋಡಿದ್ದೆ, ಏನೂ ಸಾಲದು. ಮಳೆಗೆ ನೆನೆದರೆ ಎಳೆಗಳು ಒಂದಕ್ಕೊಂದು ಅಂಟಿ ಬರಿಯ ಒದ್ದೆ ಚಿಂದಿ, ಹಿಂಡಿ ಕೊಡವಿದರೆ ಸ್ವಲ್ಪ ಜೀವ ಬರುತ್ತದೆ. ಬೆವರಿನ ಉಪ್ಪು ಕೂತು ವಾಸನೆ ಬರುತ್ತದಾದ್ದರಿಂದ ವಾರಕ್ಕೊಮ್ಮೆ ಒಗೆಯಬೇಕು. ಅಡ್ಡಗಾಳಿಯಲ್ಲಿ ಕೆಲಸ ಅರ್ಧಕ್ಕಿಳಿಯುತ್ತದೆ, ಏಕೆಂದರೆ ಗಾಳಿ ಬರುವ ದಾರಿಯಲ್ಲಿ ತುಪ್ಪಳವಿಲ್ಲ. ಅದಕ್ಕೆ ನನ್ನಲ್ಲಿ ಮದ್ದಿಲ್ಲ, ಕತ್ತನ್ನು ಸ್ವಲ್ಪ ತಿರುಗಿಸಿಕೊಂಡು ಹೋಗುವುದಷ್ಟೇ.

ಬಟ್ಟೆ: ವೇಲು, ಮಫ್ಲರ್, ಮಂಕಿ ಟೋಪಿ

ನಮ್ಮ ಊರುಗಳಲ್ಲಿ ಈ ಸಮಸ್ಯೆಗೆ ಹಳೆಯ ಉತ್ತರ ಇದು. ಸ್ಕೂಟಿಯ ಹುಡುಗಿಯರು ವೇಲನ್ನು ತಲೆ, ಕಿವಿ, ಮುಖಕ್ಕೆ ಸುತ್ತಿ ಕಣ್ಣಷ್ಟೇ ಬಿಡುತ್ತಾರೆ. ಮಾಗಿಯ ಚಳಿಯಲ್ಲಿ ಹಾಲಿನವರು ಮಫ್ಲರ್ ಸುತ್ತುತ್ತಾರೆ. ಇವು ಗಾಳಿಯನ್ನು ಚೆನ್ನಾಗಿಯೇ ತಡೆಯುತ್ತವೆ. ಚಳಿಗೆ ಕಿವಿ ನೋಯುವವರಿಗೆ ತುಪ್ಪಳದ ತುಂಡಿನಿಂದ ಏನೂ ಆಗದು, ಬಟ್ಟೆಯೇ ಬೇಕು.

ಸದ್ದಿನ ವಿಷಯಕ್ಕೆ ಬಂದರೆ ಬಟ್ಟೆಯಲ್ಲಿ ಎರಡು ಜಾತಿ. ಸಡಿಲ ನೇಯ್ಗೆಯ ಹತ್ತಿ, ಉಣ್ಣೆ, ಫ್ಲೀಸ್: ಇವು ತುಪ್ಪಳದ ದೂರದ ಸಂಬಂಧಿಗಳು, ಹೊರಗಿನ ಸದ್ದು ಸ್ವಲ್ಪ ಮಂಕಾದರೂ ಒಳಗೆ ಬರುತ್ತದೆ. ಜರ್ಕಿನ್ನಿನ ಜಾತಿಯ ಗಾಳಿ ತೂರದ ನುಣುಪು ಬಟ್ಟೆ: ಇದನ್ನು ಕಿವಿಯ ಮೇಲೆ ತಂದರೆ ಬಟ್ಟೆಯೇ ಪರಪರ ಎನ್ನುತ್ತದೆ, ಒಂದು ಸದ್ದು ಹೋಗಿ ಇನ್ನೊಂದು ಬರುತ್ತದೆ. ರೇನ್‌ಕೋಟಿನ ಟೋಪಿ ಇದರಲ್ಲಿ ಎಲ್ಲಕ್ಕಿಂತ ಕೆಟ್ಟದ್ದು. ಕತ್ತು ತಿರುಗಿಸಿದರೆ ಟೋಪಿ ತಿರುಗುವುದಿಲ್ಲ, ಹಿಂದೆ ನೋಡಲು ಹೋದವನಿಗೆ ಕಾಣುವುದು ಟೋಪಿಯ ಒಳಮೈ.

ಕೊಳವೆಯಂತೆ ಕತ್ತಿಗೆ ಹಾಕುವ ಬಫ್ ಸೈಕಲ್ಲಿನವರಲ್ಲಿ ಈಗ ಸಾಮಾನ್ಯ. ಡಿಕ್ಯಾಥ್ಲಾನ್‌ನಂಥ ಅಂಗಡಿಗಳಲ್ಲೂ ಸಿಗುತ್ತದೆ, ರಸ್ತೆ ಬದಿಯಲ್ಲೂ ಸಿಗುತ್ತದೆ. ಅದನ್ನು ಹೆಲ್ಮೆಟ್ಟಿನ ಕೆಳಗೆ ಕಿವಿಯ ಮೇಲಕ್ಕೆ ಎಳೆದುಕೊಂಡರೆ ತೆಳುವಾದ ಒಂದು ಪದರ. ಭೋರ್ಗರೆತ ಸ್ವಲ್ಪ ತಗ್ಗುತ್ತದೆ, ಕಿವಿಗೆ ಒತ್ತಿ ಕೂತರೆ ಮಾತ್ರ. ಏಪ್ರಿಲ್‌ನಲ್ಲಿ ಬಾಗಲಕೋಟೆಯ ಬಿಸಿಲಲ್ಲಿ ಇದನ್ನು ಯಾರಿಗೂ ಹೇಳಲಾರೆ. ಡಿಸೆಂಬರಿನ ಬೆಂಗಳೂರಿಗೆ, ಬೆಳಗಾವಿಗೆ ಇದು ಸರಿ. ಉದ್ದ ಕೂದಲಿರುವವರು ಕೂದಲನ್ನೇ ಕಿವಿಯ ಮೇಲೆ ಬರುವಂತೆ ಕಟ್ಟಿಕೊಂಡರೆ ಅರ್ಧ ಕೆಲಸ ಆಗುತ್ತದೆ, ದೇವರು ಕೊಟ್ಟ ತುಪ್ಪಳ ಅದು. ನನಗೆ ಆ ಭಾಗ್ಯ ಇಲ್ಲವಾಗಿ ಹತ್ತು ವರ್ಷ ಆಯಿತು.

ಹತ್ತಿ, ಇಯರ್‌ಪ್ಲಗ್

"ಕಿವಿಗೆ ಹತ್ತಿ ಇಟ್ಕೊಂಡು ಹೋಗೋ, ಗಾಳಿ ಹೊಕ್ಕೀತು" ಎಂದು ನಮ್ಮ ಅವ್ವ ಹೇಳುತ್ತಿದ್ದಳು. ಹತ್ತಿ ಚಳಿಯನ್ನು ತಡೆಯುತ್ತದೆ, ಸದ್ದನ್ನು ಅಷ್ಟಾಗಿ ತಡೆಯದು. ಗಾಳಿ ಬಡಿಯುವುದು ಕಿವಿಯ ಬಾಯಿಗೆ ತಾನೆ, ಹತ್ತಿ ಅಲ್ಲಿ ಸ್ವಲ್ಪ ಮೆತ್ತಗಾಗಿಸುತ್ತದೆ, ಅಷ್ಟೆ. ಬಹಳ ಒಳಗೆ ತುರುಕಿ, ತೆಗೆಯಲು ಬಾರದೆ ಡಾಕ್ಟರ ಬಳಿ ಓಡಿದವರನ್ನು ಬಲ್ಲೆ.

ಫೋಮ್ ಇಯರ್‌ಪ್ಲಗ್ ನಿಜವಾಗಿ ಸದ್ದು ತಡೆಯುತ್ತದೆ. ಪೊಟ್ಟಣದ ಮೇಲೆ ಎನ್‌ಆರ್‌ಆರ್ 29 ಅಥವಾ 33 ಎಂದಿರುತ್ತದೆ, ಎಷ್ಟು ಡೆಸಿಬೆಲ್ ಸದ್ದು ತಗ್ಗೀತು ಎಂಬ ಅಂಕಿ ಅದು. ಆ ಅಂಕಿ ಪ್ರಯೋಗಾಲಯದ್ದು. ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆಯವರು ಸೂಚಿಸುವ ಎಚ್ಚರಿಕೆಯ ಲೆಕ್ಕದಲ್ಲಿ ಅದರಿಂದ 7 ಕಳೆದು ಉಳಿದದ್ದನ್ನು ಅರ್ಧ ಮಾಡಬೇಕು: 29 ಎಂದಿದ್ದರೆ ಕೈಗೆ ಸಿಗುವುದು ಸುಮಾರು 11. ಬೆರಳಲ್ಲಿ ತೆಳ್ಳಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗಿಟ್ಟು ಅರ್ಧ ನಿಮಿಷ ಒತ್ತಿ ಹಿಡಿದರೆ ಮಾತ್ರ ಸರಿಯಾಗಿ ಕೂರುತ್ತದೆ. ಬಹಳ ಜನ ಬಾಗಿಲಲ್ಲೇ ಬಿಟ್ಟಿರುತ್ತಾರೆ.

ದೂರದ ಪ್ರಯಾಣದ ಬೈಕಿನವರು ಇಯರ್‌ಪ್ಲಗ್ ಹಾಕಿದರೆ ಹಾರ್ನ್ ಇನ್ನೂ ಚೆನ್ನಾಗಿ ಕೇಳುತ್ತದೆ ಎನ್ನುತ್ತಾರೆ. ಅದು ಗಂಟೆಗೆ ನೂರು ಕಿ.ಮೀ. ಮಾತು. ಅಲ್ಲಿ ಗಾಳಿಯ ಅಬ್ಬರಕ್ಕೆ ಕಿವಿಯೇ ತತ್ತರಿಸಿರುತ್ತದೆ, ಎಲ್ಲವನ್ನೂ ಒಂದೇ ಅಳತೆಯಲ್ಲಿ ತಗ್ಗಿಸಿದರೆ ಕಿವಿಗೆ ವಿಂಗಡಿಸಲು ಸುಲಭವಾಗುತ್ತದೆ. 22 ಕಿ.ಮೀ. ವೇಗದ ಸೈಕಲ್ಲಿಗೆ ಆ ವಾದ ಕೂರುವುದಿಲ್ಲ. ಇಯರ್‌ಪ್ಲಗ್ ಗಾಳಿಯನ್ನು ಒಂದು ಕಡೆ, ಲಾರಿಯನ್ನು ಒಂದು ಕಡೆ ಎಂದು ಆರಿಸುವುದಿಲ್ಲ, ಎರಡನ್ನೂ ಒಟ್ಟಿಗೆ ಹೊರಗೆ ನಿಲ್ಲಿಸುತ್ತದೆ. ಹುಬ್ಬಳ್ಳಿ ರಸ್ತೆಯಲ್ಲಿ ಒಂದು ದಿನ ಹಾಕಿಕೊಂಡು ಹೋದೆ. ನನ್ನ ಉಸಿರು, ನನ್ನ ಎದೆಬಡಿತ ನನಗೇ ಕೇಳುತ್ತಿತ್ತು, ಜಗತ್ತು ಮಾತ್ರ ಗಾಜಿನ ಆಚೆಗಿತ್ತು. ಹತ್ತೇ ಕಿ.ಮೀ.ಗೆ ತೆಗೆದು ಜೇಬಿಗೆ ಹಾಕಿದೆ.

ಇದು ಬೇಕಾಗುವ ಜಾಗವೂ ಒಂದಿದೆ: ಉದ್ದದ ಇಳಿಜಾರು. ಬೆಂಗಳೂರಿನವರು ಬೆಳಗಿನ ಜಾವ ಎದ್ದು ನಂದಿಬೆಟ್ಟ ಹತ್ತುತ್ತಾರಲ್ಲ, 1,478 ಮೀಟರ್ ಎತ್ತರದಿಂದ ಇಳಿಯುವಾಗ ವೇಗ ಐವತ್ತು ದಾಟುವುದು ಏನೂ ಕಷ್ಟವಲ್ಲ. ಅಲ್ಲಿ ಸಂಗೀತಗಾರರು ಬಳಸುವ ಜಾತಿಯ ಇಯರ್‌ಪ್ಲಗ್ ಉತ್ತಮ. ಒಳಗೊಂದು ಫಿಲ್ಟರ್ ಇರುತ್ತದೆ, ಎಲ್ಲ ದನಿಯನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುತ್ತದೆ, ಮಾತು ಮುದ್ದೆಯಾಗುವುದಿಲ್ಲ. ಎಟಿಮೋಟಿಕ್ ಕಂಪನಿಯ ಇಆರ್20 ಇದರಲ್ಲಿ ಹಳೆಯ ಹೆಸರು. ಹತ್ತುವಾಗ ಜೇಬಲ್ಲಿ, ಇಳಿಯುವಾಗ ಕಿವಿಯಲ್ಲಿ. ಕರಾವಳಿಯವರಿಗೆ ಒಂದು ಮಾತು: ಬೆವರಿದ ಕಿವಿಯನ್ನು ಗಂಟೆಗಟ್ಟಲೆ ಬಿರಡೆ ಹಾಕಿ ಮುಚ್ಚಿದರೆ ಒಳಗೆ ಶಿಲೀಂಧ್ರಕ್ಕೆ ನೀವೇ ಹೊಲ ಹದ ಮಾಡಿಕೊಟ್ಟಂತೆ.

ಇಯರ್‌ಫೋನ್ ಕೊಳ್ಳುವವರಿಗೆ

ಈ ಭಾಗ ಬರೆಯಲು ನನಗೆ ಮನಸ್ಸಿರಲಿಲ್ಲ, ಆದರೆ ಎಲ್ಲರೂ ಮೊದಲು ಕೇಳುವುದು ಇದನ್ನೇ. ನಾಯ್ಸ್ ಕ್ಯಾನ್ಸಲಿಂಗ್ ಇಯರ್‌ಬಡ್ ವಿಮಾನದ ಗುಂಯ್‌ಕಾರವನ್ನು ಅಳಿಸುತ್ತದೆ, ಗಾಳಿಯನ್ನೂ ಅಳಿಸಬೇಕಲ್ಲವೇ?

ಅಳಿಸುವುದಿಲ್ಲ. ಅದರ ಹೊರಮೈಯಲ್ಲಿ ಒಂದು ಮೈಕ್ ಇದೆ, ಬರುವ ಸದ್ದನ್ನು ಕೇಳಿ ಅದಕ್ಕೆ ತಿರುಗುಮುರುಗಾದ ಸದ್ದನ್ನು ಒಳಗೆ ನುಡಿಸಿ ಎರಡನ್ನೂ ಹೊಡೆದುಹಾಕುತ್ತದೆ. ವಿಮಾನದ ಸದ್ದು ಮೈಕಿಗೂ ಕಿವಿಗೂ ಒಂದೇ ರೀತಿ ತಲುಪುತ್ತದೆ. ಗಾಳಿಯ ಸುಳಿ ಹಾಗಲ್ಲ, ಮೈಕಿನ ಬಾಯಲ್ಲೊಂದು ಸುಳಿ, ಒಂದು ಬೆರಳಿನಾಚೆ ಇನ್ನೊಂದು. ಮೈಕ್ ತನಗೆ ಬಡಿದ ಗಾಳಿಯನ್ನೇ ಸದ್ದೆಂದು ನಂಬಿ ಅದರ ತಿರುಗುಮುರುಗನ್ನು ನಿಮ್ಮ ಕಿವಿಗೆ ಸುರಿಯುತ್ತದೆ. ಇಲ್ಲದ ಸದ್ದು ಹುಟ್ಟುವುದು ಹೀಗೆ. ಹೊರಗಿನದನ್ನು ಕೇಳಿಸುವ ಟ್ರಾನ್ಸ್‌ಪರೆನ್ಸಿ ಮೋಡ್‌ನಲ್ಲಿ ಇನ್ನೂ ಘೋರ. ಗಾಳಿಗೆಂದೇ ಬೇರೆ ಮೋಡ್ ಕೊಟ್ಟಿರುವ ಕಂಪನಿಗಳು ಹೆಚ್ಚಾಗಿ ಮಾಡುವುದು ಆ ಹೊರಗಿನ ಮೈಕಿನ ಕೆಲಸವನ್ನು ತಗ್ಗಿಸುವುದು. ಅಂದರೆ ನೀವು ದುಡ್ಡು ಕೊಟ್ಟ ವಿದ್ಯೆಯನ್ನೇ ಆರಿಸಿಡುವುದು.

ಶಾಕ್ಸ್‌ನಂಥ ಬೋನ್ ಕಂಡಕ್ಷನ್ ಹೆಡ್‌ಫೋನ್ ಕೆನ್ನೆಮೂಳೆಯ ಮೇಲೆ ಕೂತು ಮೂಳೆಯ ಮೂಲಕ ಹಾಡು ಕಳಿಸುತ್ತದೆ, ಕಿವಿ ತೆರೆದೇ ಇರುತ್ತದೆ. ಹಾಡು ಬೇಕೇ ಬೇಕು ಎನ್ನುವವರಿಗೆ ಇರುವವುಗಳಲ್ಲಿ ಇದು ಮೇಲು. ಆದರೆ ಕಿವಿ ತೆರೆದಿದೆ ಎಂದರೆ ಗಾಳಿಗೂ ತೆರೆದಿದೆ. ಎದುರುಗಾಳಿ ಎದ್ದಾಗ ಹಾಡು ಕೇಳದೆ ವಾಲ್ಯೂಮ್ ಏರಿಸುತ್ತೇವೆ, ಆಮೇಲೆ ಲಾರಿ ಕೇಳುವುದಿಲ್ಲ. ಫ್ರಾನ್ಸ್‌ನಲ್ಲಿ 2015ರ ಜುಲೈ 1ರಿಂದ ಸೈಕಲ್ ಸವಾರರೂ ಕಿವಿಯಲ್ಲಿ ಇಯರ್‌ಫೋನ್ ಇಟ್ಟುಕೊಳ್ಳುವಂತಿಲ್ಲ, ಸಿಕ್ಕಿಬಿದ್ದರೆ 135 ಯೂರೋ ದಂಡ. ನಮ್ಮ ರಸ್ತೆಯಲ್ಲಿ ದಂಡ ಬೇರೆ ರೂಪದಲ್ಲಿ ಬರುತ್ತದೆ.

ಹೆಲ್ಮೆಟ್ಟನ್ನೇ ಬದಲಿಸಿದರೆ?

ಟೈಮ್ ಟ್ರಯಲ್, ಅಂದರೆ ಗಡಿಯಾರದ ವಿರುದ್ಧ ತುಳಿಯುವ, ಸ್ಪರ್ಧೆಯವರ ಹೆಲ್ಮೆಟ್ ಕಿವಿಯ ಮೇಲೂ ಬರುತ್ತದೆ, ಗಾಳಿ ಜಾರಿಕೊಂಡು ಹೋಗುತ್ತದೆ, ಒಳಗೆ ಸಾಕಷ್ಟು ಮೌನ. ವಿಜಯಪುರ, ಬಾಗಲಕೋಟೆ, ಗದಗ ಜಿಲ್ಲೆಗಳಿಂದ ರಾಷ್ಟ್ರಮಟ್ಟಕ್ಕೆ ಹೋದ ಸೈಕ್ಲಿಸ್ಟ್‌ಗಳು ಎಷ್ಟೋ ಜನ, ಸ್ಪರ್ಧೆಯ ದಿನ ಅವರಿಗೆ ಇದು ಬೇಕು. ನಮಗೆ ಬೇಡ. ಬೆಲೆ ಹೆಚ್ಚು, ಸೆಕೆ ಇನ್ನೂ ಹೆಚ್ಚು, ಮಾರ್ಕೆಟ್ಟಿಗೆ ಹಾಕಿಕೊಂಡು ಹೋದರೆ ಕೊತ್ತಂಬರಿ ಮಾರುವವಳೂ ಎರಡು ರೂಪಾಯಿ ಹೆಚ್ಚು ಹೇಳುತ್ತಾಳೆ. ಹೇಗೂ ಹೊಸ ಹೆಲ್ಮೆಟ್ ಕೊಳ್ಳುವವರಿದ್ದರೆ ಕಿಂಡಿ ಕಡಿಮೆಯಿರುವುದನ್ನು, ಪಟ್ಟಿ ಕೆನ್ನೆಗೆ ಚಪ್ಪಟೆಯಾಗಿ ಕೂರುವುದನ್ನು ಆರಿಸಿ. ಅದಕ್ಕಾಗಿಯೇ ಇದ್ದದ್ದನ್ನು ಎಸೆಯಬೇಡಿ.

ಕಿವಿಯ ಕೆಲಸ ಕಣ್ಣಿಗೆ

ಏನೇ ಕಟ್ಟಿದರೂ 40ರ ಗಾಳಿಯಲ್ಲಿ ಕಿವಿ ಸೋಲುತ್ತದೆ. ಆಗ ಹ್ಯಾಂಡಲ್ ತುದಿಗೆ ಹಾಕುವ ಸಣ್ಣ ಕನ್ನಡಿ ಇಯರ್‌ಪ್ಲಗ್ಗಿನ ಬೆಲೆಗೇ ಹೆಚ್ಚು ನೆಮ್ಮದಿ ಕೊಡುತ್ತದೆ. ಬಲಗಡೆಗೆ ಹಾಕಿ, ನಮ್ಮಲ್ಲಿ ಹಿಂದಿಕ್ಕುವವರು ಆ ಕಡೆಯಿಂದ ಬರುತ್ತಾರೆ. ಗಾರ್ಮಿನ್ ಕಂಪನಿಯ ವಾರಿಯಾ ಎಂಬ ರೇಡಾರ್ ಸೀಟಿನ ಕೆಳಗೆ ಕೂತು ಹಿಂದಿನ ವಾಹನವನ್ನು 140 ಮೀಟರ್ ದೂರದಿಂದಲೇ ಹಿಡಿದು ತಿಳಿಸುತ್ತದೆ. ಹೆದ್ದಾರಿಯಲ್ಲಿ ದಿನವೂ ನೂರಾರು ಕಿ.ಮೀ. ಹೋಗುವವರಿಗೆ ಅದು ಸಾರ್ಥಕ. ಊರೊಳಗೆ ಅದು ಕೂಗುತ್ತಲೇ ಇರುತ್ತದೆ, ಹಿಂದೆ ವಾಹನವಿಲ್ಲದ ಗಳಿಗೆ ನಮ್ಮ ಊರಲ್ಲಿ ಯಾವುದು?

ಹಾಗಾದರೆ ಯಾವುದು ಯಾರಿಗೆ

ಊರೊಳಗೆ ಐದಾರು ಕಿ.ಮೀ. ಹೋಗಿಬರುವವರು ಪಟ್ಟಿ ಸರಿಮಾಡಿಕೊಳ್ಳಿ, ದುಡ್ಡು ಖರ್ಚು ಮಾಡಬೇಡಿ. ಗದಗ, ಚಿತ್ರದುರ್ಗ, ದಾವಣಗೆರೆಯ ಬಯಲಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಹೆದ್ದಾರಿಯಲ್ಲಿ ತುಳಿಯುವವರಿಗೆ ತುಪ್ಪಳ ಮತ್ತು ಕನ್ನಡಿ. ಇದಕ್ಕಿಂತ ಒಳ್ಳೆಯ ಜೋಡಿ ನಾನು ಕಂಡಿಲ್ಲ. ಚಳಿಗಾಲದ ಬೆಳಗಿನವರಿಗೆ ಕಿವಿ ಮುಚ್ಚುವ ಉಣ್ಣೆಯ ಪಟ್ಟಿ ಅಥವಾ ಬಫ್, ಮೇಲೆ ಬೇಕಿದ್ದರೆ ತುಪ್ಪಳ. ಬೆಟ್ಟ ಇಳಿಯುವವರ ಜೇಬಲ್ಲಿ ಫಿಲ್ಟರ್ ಇರುವ ಇಯರ್‌ಪ್ಲಗ್.

ಶ್ರವಣಯಂತ್ರ ಹಾಕುವವರ ಕಷ್ಟವೇ ಬೇರೆ. ನಮ್ಮ ಭಾನುವಾರದ ಗುಂಪಿನಲ್ಲಿ ನಿವೃತ್ತ ಮೇಷ್ಟರೊಬ್ಬರಿದ್ದಾರೆ. ಅವರ ಯಂತ್ರದ ಮೈಕ್ ಕಿವಿಯ ಹಿಂಭಾಗದ ಮೇಲ್ತುದಿಯಲ್ಲಿದೆ, ಗಾಳಿ ನೇರ ಅದಕ್ಕೇ ಬಡಿಯುತ್ತದೆ, ಯಂತ್ರ ಅದನ್ನು ದೊಡ್ಡದು ಮಾಡಿ ಒಳಗೆ ಕಳಿಸುತ್ತದೆ. ಅವರು ಯಂತ್ರವನ್ನೇ ಆರಿಸಿಕೊಂಡು ಬರುತ್ತಿದ್ದರು, ನಾವು ಕೂಗಿದ್ದು ಏನೂ ಕೇಳುತ್ತಿರಲಿಲ್ಲ. ತೆಳುವಾದ ಹತ್ತಿಯ ಹೆಡ್‌ಬ್ಯಾಂಡ್ ಮೈಕಿನ ಮೇಲೆ ಬರುವಂತೆ ಹಾಕಿದ ಮೇಲೆ ಸುಧಾರಿಸಿತು. ಅನೇಕ ಯಂತ್ರಗಳಲ್ಲಿ ಗಾಳಿಗೆಂದೇ ಒಂದು ಸೆಟ್ಟಿಂಗ್ ಇರುತ್ತದೆ, ಆಡಿಯಾಲಜಿಸ್ಟರನ್ನು ಬಾಯಿಬಿಟ್ಟು ಕೇಳಿದರೆ ಹಾಕಿಕೊಡುತ್ತಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಂಥ ಕಡೆ ಕಿವಿಯ ತಪಾಸಣೆಯೂ ಆಗುತ್ತದೆ. ಸವಾರಿ ಮುಗಿದು ರಾತ್ರಿಯಾದರೂ ಗುಂಯ್ ನಿಲ್ಲದಿದ್ದರೆ ಯಂತ್ರವಿಲ್ಲದವರೂ ಒಮ್ಮೆ ತೋರಿಸಿಕೊಳ್ಳಿ.

ಕಳೆದ ಭಾನುವಾರ ಮೇಷ್ಟರು ನನ್ನ ತುಪ್ಪಳವನ್ನು ಮುಟ್ಟಿ ನೋಡಿ, ತಮಗೂ ಒಂದು ಜೊತೆ ಬೇಕೆಂದರು. ಟೆಡ್ಡಿಯಲ್ಲಿ ಇನ್ನು ಹೊಟ್ಟೆಯ ಭಾಗವಷ್ಟೇ ಉಳಿದಿದೆ. ಮಗಳನ್ನು ಕೇಳಬೇಕು.